ದಾಸಮ್ಮ ಮೂಡಿ ಆದದ್ದು

ಮರಳವಾಡಿಯ ದಾಸಮ್ಮನಿಗೆ ಅರವತ್ತು ದಾಟಿದ ಮೇಲೆ ಒಂದು ಇಂಗ್ಲಿಷ್ ಬಿರುದು ಬಂತು. ಕೊಟ್ಟವಳು ಮಗನ ಮಗಳು, ಆರನೇ ಕ್ಲಾಸಿನ ಮಾನ್ಯ. 'ಮೂಡಿ' ಎಂಬ ಪದ ಬಳಸಿ ಮನೆಯಿಂದ ಒಂದು ವಾಕ್ಯ ಬರೆದು ತನ್ನಿ ಎಂದು ಟೀಚರು ಹೇಳಿದ್ದರು. ಹುಡುಗಿ ತಲೆ ಕೆಡಿಸಿಕೊಳ್ಳದೆ 'ನಮ್ಮ ಅಜ್ಜಿ ಮೂಡಿ' ಎಂದು ಇಂಗ್ಲಿಷಿನಲ್ಲಿ ಬರೆದು, ಜೋರಾಗಿ ಓದಿಯೂ ಬಿಟ್ಟಳು.

"ಅಂಗಂದ್ರೇನೇ?" ಕುರಿದೊಡ್ಡಿ ಗುಡಿಸುತ್ತಿದ್ದ ದಾಸಮ್ಮ ಕೇಳಿದಳು.

"ಒಂದ್ ಗಳಿಗೆ ನಗಾದು, ಇನ್ನೊಂದ್ ಗಳಿಗೆ ಮಖ ಊದುಸ್ಕಂಡು ಕೂರಾದು."

"ಸಿಡುಕಿ ಅನ್ನು."

"ಸಿಡುಕಿ ಅಂದ್ರೆ ಬರೀ ಕ್ವಾಪ. ಮೂಡಿ ಅಂದ್ರೆ ಬೇಜಾರೂ ಸೇರ್ತದೆ. ನೀನು ಮಾತು ಬುಟ್ಬುಟ್ಟು ಕೂತ್ಕತೀಯಲ್ಲ, ಅದು. ಕಾರಣಾನೇ ಇರಲ್ಲ ಅಜ್ಜಿ."

ಮಿಕ್ಕದ್ದನ್ನೆಲ್ಲ ದಾಸಮ್ಮ ಒಪ್ಪುತ್ತಿದ್ದಳೇನೋ. ಕಾರಣವಿಲ್ಲ ಎಂದದ್ದು ಮಾತ್ರ ಎದೆಗೆ ನಾಟಿತು.

ಆ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಒಂದು ಹೆಣ್ಣು ಕುರಿಮರಿಯನ್ನು ಮಗುವಿನ ಹೆಸರಿಗೆ ಬಿಡುವುದು ವಾಡಿಕೆ. ಎಡಗಿವಿಯ ತುದಿ ಕತ್ತರಿಸಿ ಗುರುತು ಮಾಡಿದರೆ, ಆ ಕುರಿಯ ಸಂತಾನವೆಲ್ಲ ಮಗಳದೇ. ದಾಸಮ್ಮನ ಮಗಳು ಅನುಷಾಳಿಗೂ ಹಾಗೆ ಬಿಟ್ಟಿದ್ದರು. ನಾಲ್ಕು ವರ್ಷದ ಹಿಂದೆ ಅವಳು ಬೇರೆ ಜಾತಿಯ ಮನೋಹರನನ್ನು ಕಟ್ಟಿಕೊಂಡು ದೊಡ್ಡಮಳೂರು ಸೇರಿದಳು. ಅಪ್ಪ ಕಾಳಯ್ಯ, "ಅವಳ ಹೆಸ್ರು ಈ ವಸ್ಲು ಒಳ್ಗೆ ಎತ್ತಂಗಿಲ್ಲ" ಎಂದುಬಿಟ್ಟ. ಅಂದಿನಿಂದ ಅವಳ ಕುರಿಗಳು ಹಾಕಿದ ಮರಿಗಳಿಗೆ ಕಿವಿಗುರುತು ಬೀಳಲಿಲ್ಲ. ಅಂಥ ಮರಿ ಹುಟ್ಟಿದಾಗೆಲ್ಲ ದಾಸಮ್ಮ ಮುದ್ದೆ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮಗಳನ್ನು ಒಂದು ಸಲ ನೋಡಬೇಕೆಂಬ ಆಸೆ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನೋಡಿದವರಿಗೆ ಅದು ಮುದುಕಿಯ ಸಿಡುಕು.

ಅವತ್ತು ಬೆಳಗ್ಗೆಯೂ ಅನುಷಾಳ ಕುರಿಯೊಂದು ಹೆಣ್ಣುಮರಿ ಹಾಕಿತ್ತು.

"ಕಾರಣ ಇಲ್ದೆ ಯಾರಾರ ಮಖ ಊದುಸ್ತಾರೇನೇ?" ಎಂದವಳೇ ದಾಸಮ್ಮ ಪೊರಕೆ ಎಸೆದು ಒಳಗೆ ಹೋದಳು.

"ನೋಡು ತಾತ, ಮೂಡಿ ಅಂದ್ರೆ ಇದೇಯ!" ಮಾನ್ಯ ನಕ್ಕಳು.

ಜಗಲಿಯ ಮೇಲಿದ್ದ ಕಾಳಯ್ಯ ನಗಲಿಲ್ಲ. ತುಂಬಾ ಹೊತ್ತು ಮರಿಯನ್ನೇ ನೋಡುತ್ತ ಕೂತ. ಆಮೇಲೆ ಎದ್ದು, ಸೂರಿನಲ್ಲಿ ಸಿಕ್ಕಿಸಿದ್ದ ಉಣ್ಣೆ ಕತ್ತರಿಯನ್ನು ಈಚೆಗೆ ತೆಗೆದ.

ಮರಿ ಅರಚಿದ್ದು ಕೇಳಿ ದಾಸಮ್ಮ ಓಡಿಬಂದಳು. ಅದರ ಎಡಗಿವಿಯ ತುದಿ ಇರಲಿಲ್ಲ. ಕಾಳಯ್ಯ ಗಾಯಕ್ಕೆ ಅರಿಶಿನ ಒತ್ತುತ್ತಿದ್ದ. ಹೆಂಡತಿಯ ಮುಖ ನೋಡಲಾರದೆ ಮೊಮ್ಮಗಳಿಗೆ ಹೇಳಿದ: "ನೀ ಬರ್ದಿರಾದ ಅಳ್ಸಾಕು ಮಗ. ನಿಮ್ಮಜ್ಜಿಗೆ ಕಾರಣ ಐತೆ. ನಂಗೂ ಐತೆ."

ದಾಸಮ್ಮ ಹೊಸಿಲ ಮೇಲೇ ನಿಂತು, ನಾಲ್ಕು ವರ್ಷದ ಮೇಲೆ ಮೊದಲ ಸಲ ಮಗಳ ಹೆಸರೆತ್ತಿ ಮೊಮ್ಮಗಳಿಗೆ ಹೇಳಿದಳು. "ಅನುಷಾನ್ ಮರಿ ಕಣೇ ಅದು."

"ಊಂ. ಒಸಿ ಗಟ್ಟಿಯಾಗ್ಲಿ, ತಗಂಡೋಗಿ ಕೊಟ್ಬರಾನ" ಎಂದ ಕಾಳಯ್ಯ.

ಮರಿ ಗಟ್ಟಿಯಾಗಲು ಹದಿನೈದು ದಿನ ಬೇಕು. ನಾಲ್ಕು ವರ್ಷ ತಡೆದಿದ್ದ ದಾಸಮ್ಮನಿಗೆ ಆ ಹದಿನೈದು ದಿನವನ್ನು ಹೇಗೆ ತಡೆಯುವುದೆಂದು ತಿಳಿಯಲಿಲ್ಲ.