ಸಕ್ಕರೆ ಡಬ್ಬದಲ್ಲಿ ಬೀಗದ ಕೈ

ಅಕ್ಕನ ವಿಷಯ ಬರೆಯಲು ಕೂತಿದ್ದಕ್ಕೆ ಕಾರಣ ಒಂದೇ. ಅವಳು ಗಂಡನನ್ನು ಬಿಟ್ಟಳು ಎಂದು ಜನ ಆಡಿಕೊಳ್ಳುತ್ತಿದ್ದಾರೆ. ಅವಳು ಬಿಡಲಿಲ್ಲ. ನಾನು ಜೊತೆಯಲ್ಲೇ ಇದ್ದೆ, ನೋಡಿದ್ದೇನೆ.

ನಾನು ಬಡಗಿ. ಧಾರಾವಾಹಿಗಳಿಗೆ ಹಲಗೆಯಲ್ಲಿ ಮನೆ ಕಟ್ಟುತ್ತೇನೆ. ಮೂರು ಕಡೆ ಗೋಡೆ, ಇನ್ನೊಂದು ಕಡೆ ಕ್ಯಾಮೆರಾ. ಆ ಖಾಲಿ ಗೋಡೆಗಳನ್ನು ಮನೆ ಮಾಡುವವಳು ಅಕ್ಕ. ಚಪ್ಪಲಿ ಎಲ್ಲಿ, ಮಾತ್ರೆ ಡಬ್ಬಿ ಎಲ್ಲಿ, ಒದ್ದೆ ಟವೆಲ್ ಎಲ್ಲಿ, ಎಲ್ಲ ಅವಳ ಜವಾಬ್ದಾರಿ. ಒಡಹುಟ್ಟಿದವಳಲ್ಲ, ಹದಿನೆಂಟು ವರ್ಷ ಒಟ್ಟಿಗೆ ದುಡಿದು ಅಕ್ಕ ಆದವಳು. ಉಳಿದವರೆಲ್ಲ ಸಾಮಾನಕ್ಕ ಅನ್ನುತ್ತಾರೆ. ಅವಳ ಗಂಡ ನನಗೆ ಭಾವ. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ. ಮಾತು ಕಮ್ಮಿ. ಮಕ್ಕಳಿಲ್ಲ.

ಹೋದ ವರ್ಷ ಒಂದು ಕಾದಂಬರಿಯನ್ನು ಧಾರಾವಾಹಿ ಮಾಡಲು ಹೊರಟರು. ಐವತ್ತು ದಾಟಿದ ಹೆಂಗಸಿನ ವಿಚ್ಛೇದನದ ಕಥೆ. ಆ ಹೆಂಗಸು ಜಗಳ ಆಡುವುದಿಲ್ಲ. ದಿನಕ್ಕೊಂದು ಸಾಮಾನು ಹೊರಗೆ ಸಾಗಿಸುತ್ತಾಳೆ. ಗಂಡನಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಬೀಗದ ಕೈಯನ್ನು ಸಕ್ಕರೆ ಡಬ್ಬದೊಳಗೆ ಹಾಕಿ, ಬಾಗಿಲು ಎಳೆದುಕೊಂಡು ಹೋಗುತ್ತಾಳೆ.

ಬಾಡಿಗೆ ಸಾಮಾನು ತಂದು ಜೋಡಿಸಿದರೆ ಡೈರೆಕ್ಟರ್ ಮುಖ ಸಿಂಡರಿಸಿದ. ಇದು ಅಂಗಡಿ ಕಣಮ್ಮ, ಯಾರೂ ಬಾಳಿದ ಮನೆಯಲ್ಲ ಅಂದ. ಅಕ್ಕ ತನ್ನ ಮನೆಯ ಗೋಡೆ ಗಡಿಯಾರ ತಂದಳು. ಅದಕ್ಕೆ ಭಾವನನ್ನು ಕೇಳಿದ್ದಳು. ಅವನೇ ಇಳಿಸಿ, ಒರೆಸಿ, ಪೇಪರಿನಲ್ಲಿ ಸುತ್ತಿ ಕೊಟ್ಟ. ಆಮೇಲಿನ ಸಾಮಾನಿಗೆ ಅಕ್ಕ ಕೇಳಲಿಲ್ಲ. ಒಂದಕ್ಕೆ ಹೂಂ ಅಂದವನು ಎಲ್ಲದಕ್ಕೂ ಹೂಂ ಅಂದ ಹಾಗೆ ಎಂದುಕೊಂಡಳು. ಲೋಟ ಬಂತು, ಕನ್ನಡಿ ಬಂತು, ದಿಂಬು ಬಂತು, ಭಾವ ಕೂರುವ ಕುರ್ಚಿಯೂ ಬಂತು.

ನಮ್ಮಲ್ಲಿ ಚಿತ್ರೀಕರಣ ಸಾಲಾಗಿ ಆಗುವುದಿಲ್ಲ. ಇವತ್ತು ಇಪ್ಪತ್ತನೇ ಕಂತು, ನಾಳೆ ಮೂರನೆಯದು. ಒಮ್ಮೆ ಸೆಟ್ಟಿಗೆ ಬಂದ ಸಾಮಾನು ಕೊನೆಯ ದಿನದವರೆಗೂ ಅಲ್ಲೇ ಇರಬೇಕು. ಅಕ್ಕ ಪ್ರತಿಯೊಂದರ ಫೋಟೋ ತೆಗೆದು ಗೋಡೆಗೆ ಅಂಟಿಸಿದ್ದಳು. ಚಮಚ ಎರಡು ಬೆರಳು ಆಚೆ ಸರಿದರೂ ಹಿಡಿಯುತ್ತಿದ್ದಳು. ಮನೆಯಲ್ಲಿ ಖಾಲಿಯಾದ ಮೊಳೆಗಳ ಕಡೆ ನೋಡಲಿಲ್ಲ.

ಇನ್ನೊಂದು ತೊಡಕಾಯಿತು. ಕಾದಂಬರಿಯ ಹೆಂಗಸು ಮಾತೇ ಆಡುವುದಿಲ್ಲ. ಟೀವಿಯಲ್ಲಿ ಅದು ನಡೆಯುತ್ತದೆಯೇ? ಸಂಭಾಷಣೆ ಬರೆಯುವವಳು ಮದುವೆಯಾಗದ ಹುಡುಗಿ. ಗಂಡ ಹೆಂಡತಿ ಹೇಗೆ ಮಾತಾಡುತ್ತಾರೆ ಎಂದು ಅಕ್ಕನನ್ನೇ ಕೇಳಿದಳು. ಅಕ್ಕ ಚಹಾ ಕುಡಿಯುತ್ತಾ ನಗುನಗುತ್ತಾ ಹೇಳಿಕೊಟ್ಟಳು.

ಒಂದು ಸಂಜೆ ಅಕ್ಕನ ಮನೆಯ ಕಿಟಕಿ ಸರಿಮಾಡಲು ಹೋಗಿದ್ದೆ. ಅವಳಿನ್ನೂ ಕೆಲಸದಿಂದ ಬಂದಿರಲಿಲ್ಲ. ಭಾವ ನೆಲದ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದ. ಗೋಡೆಯ ಮೇಲೆ ಗಡಿಯಾರ ಇದ್ದ ಜಾಗ ದುಂಡಗೆ ಬೆಳ್ಳಗಿತ್ತು. ಗಡಿಯಾರ ಟೀವಿಯೊಳಗಿತ್ತು. ಅದರ ಕೆಳಗೆ ನಿಂತು ನಟಿ ಹೇಳಿದಳು: "ಈ ಮನೇಲಿ ನಾನೂ ಒಂದು ಗೋಡೆ ಗಡಿಯಾರ. ನಿಂತೋದಾಗ ಮಾತ್ರ ತಲೆ ಎತ್ತಿ ನೋಡ್ತೀರಿ."

ಭಾವ ತಿರುಗಲಿಲ್ಲ. "ಈ ಮಾತು ಯಾರು ಬರೆದಿದ್ದು?"

ಸಂಭಾಷಣೆಯ ಹುಡುಗಿ ಅಂದೆ.

"ಹೌದಾ. ಶೂಟಿಂಗು ಇನ್ನೆಷ್ಟು ದಿನ?"

ಹದಿನೈದು ಅಂದೆ. ಅವನ ಪಕ್ಕದಲ್ಲಿ ಅದೇ ಕಾದಂಬರಿ ಇತ್ತು, ಅವನ ಪ್ರೆಸ್ಸಿನಲ್ಲೇ ಅಚ್ಚಾಗಿದ್ದು. ಗುರುತಿಗಿಟ್ಟ ಕಾಗದದ ಪಟ್ಟಿ ಕೊನೆಯ ಹಾಳೆಗಳ ಹತ್ತಿರ ಬಂದಿತ್ತು.

ಮಾರನೇ ದಿನ ಅಕ್ಕನಿಗೆ ಹೇಳಿದೆ. ಅವಳು ನಕ್ಕಳು. "ನಿಮ್ಮ ಭಾವ ಕಾದಂಬರಿಗೆ ಅಂಟು ಬಳಿಯೋರು ಕಣೋ, ಕಣ್ಣೀರು ಹಾಕೋರಲ್ಲ."

ಹದಿನೈದನೇ ದಿನ ಬೀಗದ ಕೈಯ ದೃಶ್ಯ. ನಾವು ತಂದಿದ್ದ ಕೈ ಹೊಸದು, ಮಿರಮಿರ ಮಿಂಚುತ್ತಿತ್ತು. ಡೈರೆಕ್ಟರ್ ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಚೀಲದಿಂದ ಮನೆಯ ಕೈ ತೆಗೆದು ಕೊಟ್ಟಳು. ಆ ದೃಶ್ಯದ ಒಂದು ತುಣುಕು ಮರುದಿನ ಬೆಳಿಗ್ಗೆಗೆ ಬಾಕಿ ಇತ್ತು, ಡಬ್ಬ ಅಲುಗಾಡಿಸುವಂತಿರಲಿಲ್ಲ. ರಾತ್ರಿ ಮನೆಗೆ ಹೋಗೋದು ಹೇಗಕ್ಕ ಅಂದೆ. ಅವರು ಇರ್ತಾರೆ ಬಿಡೋ, ಬಾಗಿಲು ತೆಗೀತಾರೆ ಅಂದಳು.

ಏಳೂವರೆಗೆ ಅಕ್ಕನ ಫೋನ್ ಬಂತು. ಎಳೆದರೆ ತಾನೇ ಬೀಗ ಬೀಳುವ ಬಾಗಿಲು, ಹಾಕಿದೆ, ಕೂಗಿದರೆ ಉತ್ತರ ಇಲ್ಲ, ಪಕ್ಕದ ಮನೆಯವರು ಭಾವ ಚೀಲ ಹಿಡಿದು ಹೋದದ್ದು ನೋಡಿದ್ದಾರಂತೆ. ನಾನು ಸೆಟ್ಟಿಗೆ ಓಡಿ, ಸಕ್ಕರೆಯೊಳಗೆ ಕೈ ಹಾಕಿ ಬೀಗದ ಕೈ ತೆಗೆದುಕೊಂಡು ಹೋದೆ.

ಬಾಗಿಲು ತೆಗೆದ ಮೇಲೆ ಅಕ್ಕ ದೀಪ ಹಾಕಲಿಲ್ಲ. ಬೀರುವಿನ ಕಡೆಯೂ ಹೋಗಲಿಲ್ಲ. ನೇರ ಅಡುಗೆಮನೆಗೆ ಹೋದಳು. ಸಕ್ಕರೆ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿ ನಾನೇ ದೀಪ ಹಾಕಿದೆ. ಭಾವನ ಬೀಗದ ಕೈ ಅದರೊಳಗಿತ್ತು. ತನ್ನದು, ಅವನದು ಎರಡನ್ನೂ ಅಂಗೈಯಲ್ಲಿ ಇಟ್ಟುಕೊಂಡು ನಿಂತಳು. ಎರಡಕ್ಕೂ ಸಕ್ಕರೆ ಮೆತ್ತಿತ್ತು.

"ಗಡಿಯಾರದ ಮಾತು ಹನ್ನೆರಡು ವರ್ಷದ ಹಿಂದೆ ಇಲ್ಲೇ ಅಂದಿದ್ದೆ," ಅಂದಳು. "ಅವರು ಕೇಳಿಸ್ಕೊಂಡಿಲ್ಲ ಅಂದ್ಕೊಂಡಿದ್ದೆ ಕಣೋ."

ಭಾವ ಈಗ ಪ್ರೆಸ್ಸಿನ ಕಾಗದದ ಕೋಣೆಯಲ್ಲಿದ್ದಾನೆ. ನಾನು ಹೋಗಿ ಎಲ್ಲ ಹೇಳಿದೆ. ಅಂಟಿನ ಕುಂಚ ಕೆಳಗಿಡದೆ ಕೇಳಿದ.

"ಗಡಿಯಾರ ಶೂಟಿಂಗಿಗೆ. ಆ ಮಾತೂ ಶೂಟಿಂಗಿಗಾ?"

ನನಗೆ ಮಾತು ಬರುವುದಿಲ್ಲ.

"ಪುಸ್ತಕದ ಗಂಡ ಕಣ್ಣು ಬಿಡೋ ಹೊತ್ತಿಗೆ ಮನೆ ಖಾಲಿ," ಅಂದ. "ನಾನು ಒಂದಿನ ಮುಂಚೆ ಬಿಟ್ಟೆ."

ಸಾಮಾನೆಲ್ಲ ಮನೆಗೆ ವಾಪಸು ಬಂದಿದೆ. ಸೆಟ್ಟಿನ ಚಮಚಕ್ಕೂ ಫೋಟೋ ಇಟ್ಟವಳ ಹತ್ತಿರ ತನ್ನ ಮನೆಯ ಒಂದು ಫೋಟೋ ಇಲ್ಲ. ಭಾವನ ಕುರ್ಚಿ ಕಿಟಕಿಗೆ ಮುಖ ಮಾಡಿತ್ತೋ ಬಾಗಿಲಿಗೋ ಅವಳಿಗೆ ನೆನಪಿಲ್ಲ. ದಿನಾ ತಿರುಗಿಸಿ ಇಡುತ್ತಾಳೆ, ಹೀಗಿತ್ತೇನೋ ಎಂದು ನನ್ನನ್ನು ಕೇಳುತ್ತಾಳೆ. ಮೊನ್ನೆ ಭಾವನ ಕಡೆಯ ವಕೀಲರ ಲಕೋಟೆ ಬಂದಿದೆ. ಗಡಿಯಾರದ ಹಿಂದೆ ಸಿಕ್ಕಿಸಿದ್ದಾಳೆ, ಒಡೆದಿಲ್ಲ. ಗಡಿಯಾರ ಗೋಡೆಗೆ ಸರಿಯಾಗಿ ಕೂರುತ್ತಿಲ್ಲ.

ಓದಿದವರು ಒಮ್ಮೆ ಅವಳನ್ನು ನೋಡಿ ಬನ್ನಿ. ಹಗಲು ಸೆಟ್ಟಿನಲ್ಲೇ ಇರುತ್ತಾಳೆ, ಸಾಮಾನಕ್ಕ ಅಂದರೆ ಯಾರಾದರೂ ತೋರಿಸುತ್ತಾರೆ. ಧಾರಾವಾಹಿ ಚೆನ್ನಾಗಿತ್ತು ಅಂತ ಮಾತ್ರ ಹೇಳಬೇಡಿ. ಬರುವಾಗ ಪ್ರೆಸ್ಸಿಗೂ ಹೋಗಿ. ಮಾತು ಬಲ್ಲವರು ಯಾರಾದರೂ ಭಾವನನ್ನು ಕೇಳಿ, ಆ ಕುರ್ಚಿ ಯಾವ ಕಡೆಗಿತ್ತು ಅಂತ. ಬಾಯಲ್ಲಿ ಹೇಳಿದರೆ ಸಾಲದು, ಬಂದು ತೋರಿಸಬೇಕು ಅನ್ನಿ. ಲಕೋಟೆ ಒಡೆಯುವ ಮೊದಲು ಹೋಗಿ.