ಚಿಕ್ಕಬೈರಪ್ಪನವರ ಜಯನಗರ

ಊರಾಚೆಯ ಈ ಹೊಸ ಬಡಾವಣೆ ಜಯನಗರದಲ್ಲಿ ಮನೆ ಹುಡುಕುವವರು ಚಿಕ್ಕಬೈರಪ್ಪನವರನ್ನು ಮಾತ್ರ ದಾರಿ ಕೇಳಬಾರದು. ನಮ್ಮ ಬ್ಲಾಕು ಮೊದಲು ಅವರ ಹೊಲವಾಗಿತ್ತು. ಕ್ರಾಸು, ಮೇನುಗಳನ್ನು ಅವರು ಇವತ್ತಿಗೂ ಒಪ್ಪಿಕೊಂಡಿಲ್ಲ. "ಶಂಭುಲಿಂಗಪ್ಪೋರ ಮನೆನಾ? ಹುರುಳಿ ದಾಟಿ, ಅವರೆ ಸಾಲು ಹಿಡ್ಕೊಂಡು ಹೋಗಿ ಸ್ವಾಮಿ, ರಾಗೀಲಿ ಸಿಕ್ತದೆ" ಎನ್ನುತ್ತಾರೆ. ಕೇಳಿದವರು ಸುತ್ತ ನೋಡಿದರೆ ಕಾಣುವುದು ಬರೀ ಕಾಂಪೌಂಡು. ಬೈರಪ್ಪನವರು ಓಡಾಡುವುದೂ ಹಳೆಯ ಬದುವಿನ ಮೇಲೆಯೇ. ಆ ಬದು ನಮ್ಮ ಬಚ್ಚಲುಮನೆಯ ಹಿಂದೆ ಹಾದುಹೋಗುವುದರಿಂದ, ದಿನಾ ಬೆಳಿಗ್ಗೆ ನಾನು ಮೈಗೆ ಸೋಪು ಹಚ್ಚಿಕೊಳ್ಳುವ ಹೊತ್ತಿಗೆ ಕಿಟಕಿಯಲ್ಲಿ ಒಂದು ರುಮಾಲು ಕಾಣಿಸಿಕೊಂಡು, "ನೀರು ಕಾದೈತಾ ಸ್ವಾಮಿ?" ಎಂದು ವಿಚಾರಿಸುತ್ತದೆ. ಮೊನ್ನೆ ಉರಿಬಿಸಿಲಿನಲ್ಲಿ ನಾನು ಬಸ್ ಸ್ಟಾಪಿನಲ್ಲಿದ್ದಾಗ, ಮೆಟ್ಟು ಕೈಯಲ್ಲಿ ಹಿಡಿದು, ಕಾದ ಟಾರಿನ ಮೇಲೆ ಕುಣಿಯುತ್ತಾ ಬಂದರು. "ಏನು ಬೈರಪ್ಪನೋರೇ, ಮೆಟ್ಟು ಸವೆದುಹೋಗುತ್ತೆ ಅಂತಾನಾ?" ಎಂದು ನಕ್ಕೆ. "ಇದು ನಮ್ಮ ಕಣ ಅಲ್ವಾ ಸ್ವಾಮಿ, ರಾಗಿ ರಾಶಿ ಹಾಕಿ ಪೂಜೆ ಮಾಡ್ತಿದ್ದ ಜಾಗ. ಮೆಟ್ಟು ಹಾಕ್ಕೊಂಡು ತುಳಿಯಕ್ಕಾಯ್ತದಾ?" ಎಂದು ತಮ್ಮ ಪಾಡಿಗೆ ಕುಣಿಯುತ್ತಾ ಹೋದರು. ಬಸ್ಸು ಬರುವವರೆಗೂ ಬೂಟುಗಾಲನ್ನು ಎಲ್ಲಿಡಬೇಕೋ ತಿಳಿಯದೆ, ನಾನು ಕೊಕ್ಕರೆಯ ಹಾಗೆ ಒಂದೊಂದೇ ಕಾಲು ಎತ್ತಿಕೊಂಡು ನಿಂತಿದ್ದೆ.