ತಾಯಲೂರಿನ ಎರಡು ಕಲ್ಲುಗಳು

ನನ್ನ ಸೋದರತ್ತೆ ಪೇಚಿಗೆ ಸಿಕ್ಕಿದ್ದು ಮದುವೆಯ ಊಟದ ಪಂಕ್ತಿಯಲ್ಲಿ. ಶ್ರೀನಿವಾಸಪುರದ ಬೀಗಿತ್ತಿಯೊಬ್ಬಳು ತಮ್ಮ ಹೊಲದಲ್ಲಿ ಹಿರಿಯರ ಸಮಾಧಿಗಳು ಸಾಲಾಗಿವೆ ಎಂದು ಕೊಚ್ಚಿಕೊಂಡು, "ನಿಮ್ಮಜ್ಜನ್ನ ಎಲ್ಲಿ ಮಣ್ಣು ಮಾಡಿದ್ರಿ?" ಎಂದು ಕೇಳಿದಳು. ಅತ್ತೆ ಬಾಯಲ್ಲಿದ್ದ ಹೋಳಿಗೆಯನ್ನು ನುಂಗಿ, "ತಾಯಲೂರಲ್ಲಿ. ಇಷ್ಟೆತ್ತರ ಕಲ್ಲು," ಎಂದು ಕೈಯೆತ್ತಿ ತೋರಿಸಿದಳು. ಅವಳು ಆ ಕಲ್ಲನ್ನೂ ಕಂಡಿರಲಿಲ್ಲ, ತಾಯಲೂರನ್ನೂ ಕಂಡಿರಲಿಲ್ಲ.

ನಾನಾಗ ಮಾಲೂರಿನಲ್ಲಿ ಮೇಷ್ಟರಾಗಿದ್ದೆ, ಮದುವೆಯಾದ ಹೊಸತು. ಬೇಸಿಗೆ ರಜೆ ಬಂದದ್ದೇ ತಡ, ಅತ್ತೆ ಆ ಕಲ್ಲನ್ನು ಹುಡುಕಲು ನನ್ನನ್ನೂ ನನ್ನ ಹೆಂಡತಿಯನ್ನೂ ತಾಯಲೂರಿಗೆ ಹೊರಡಿಸಿದಳು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಮುಳಬಾಗಿಲಿನ ದಾರಿಯಲ್ಲಿ ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ನಾವು ತಳ್ಳುವಾಗ ಅತ್ತೆ ಒಳಗೆ ಕೂತು ಉಳಿದ ಹೆಂಗಸರಿಗೆ ಅಜ್ಜನ ಕಥೆ ಹೇಳುತ್ತಿದ್ದಳು: ಹೆಂಡತಿಯ ತವರಾದ ತಾಯಲೂರಿನವರು ನ್ಯಾಯ ತೀರ್ಮಾನಕ್ಕೆ ಅವನನ್ನು ಕರೆಸಿಕೊಂಡರಂತೆ, ಊರ ಜಗಳವನ್ನೆಲ್ಲ ಬಗೆಹರಿಸಿ ಅಲ್ಲೇ ಪ್ರಾಣ ಬಿಟ್ಟನಂತೆ.

ತಾಯಲೂರಿನಲ್ಲಿ ಮೊದಲು ಶಾನುಭೋಗರನ್ನು ಕಂಡೆವು. ಹಳೆಯ ಜನನ ಮರಣದ ಪುಸ್ತಕ ಕೇಳಿದ್ದಕ್ಕೆ ಅವರು ನಕ್ಕರು.

"ಗೆದ್ದಲು ತಿಂದ್ಬಿಡ್ತು ಮೇಷ್ಟ್ರೇ. ಸತ್ತೋರ ಕಡೆ ಪೂರಾ ಹೋಯ್ತು, ಹುಟ್ಟಿದೋರ ಕಡೆ ಒಂಚೂರು ಉಳಿದದೆ. ಲೆಕ್ಕದ ಪ್ರಕಾರ ನಮ್ಮೂರಲ್ಲಿ ಆ ಕಾಲದಾಗೆ ಯಾರೂ ಸತ್ತಿಲ್ಲ."

ಅಜ್ಜನ ಮಾವನ ಮನೆ ಮಾತ್ರ ಇನ್ನೂ ಇದೆ ಎಂದು ದಾರಿ ತೋರಿಸಿದರು. ಅಲ್ಲಿ ಜಗಲಿಯ ಮೇಲೆ ಒಬ್ಬ ಹಣ್ಣು ಮುದುಕಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅಜ್ಜನ ಭಾವಮೈದುನನ ಮಗಳಂತೆ. ಅವನನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವಳು. ಅತ್ತೆ ಅವಳ ಕಾಲಿಗೆ ಬಿದ್ದು, ನ್ಯಾಯ ತೀರ್ಮಾನದ ಮಾತೆತ್ತಿದಳು.

"ನ್ಯಾಯಾನಾ? ಅಯ್ಯೋ ರಾಮ!" ಎಂದಳು ಮುದುಕಿ. "ಮಾವ ಸಂಕ್ರಾಂತಿ ಊಟಕ್ಕೆ ಅಂತ ಬಂದ, ಆಮೇಲೆ ಎದ್ದು ಹೋಗ್ಲೇ ಇಲ್ಲ. ಇದೇ ಜಗಲಿ ಮೇಲೆ ಮಲಗ್ತಿದ್ದ. ಹಪ್ಪಳ ಸುಡೋ ವಾಸನೆ ಬಂದ್ರೆ ಏಳ್ತಿದ್ದ, ಅಷ್ಟೇ. ಪಾಪಂ, ಮಂಚಿವಾಡು. ಒಳ್ಳೇ ಮನುಷ್ಯ, ಯಾರ ತಂಟೆಗೂ ಹೋದೋನಲ್ಲ."

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಿರುಗಿ ನಿಂತಳು. ಅತ್ತೆಯ ಮುಖ ಅಲ್ಲಿದ್ದ ಹುಣಸೆಹಣ್ಣಿನಷ್ಟೇ ಹುಳ್ಳಗಾಯಿತು.

ಮುದುಕಿ ಕೋಲೂರಿಕೊಂಡು ನಮ್ಮನ್ನು ಕೆರೆಯ ಹಿಂದಿನ ಹೊಲಕ್ಕೆ ಕರೆದೊಯ್ದಳು. ಹೊಂಗೆಮರದ ಕೆಳಗೆ ಎರಡು ಕಲ್ಲು, ಒಂದು ಎದೆಯೆತ್ತರ, ಇನ್ನೊಂದು ಮೊಣಕಾಲೆತ್ತರ. ಅತ್ತೆ ದೊಡ್ಡ ಕಲ್ಲನ್ನು ತಬ್ಬಿಕೊಂಡು, "ಅಜ್ಜಾ!" ಎಂದು ಗೋಳೋ ಎಂದಳು.

"ನಿಲ್ಲಮ್ಮಾ, ನಿಲ್ಲು," ಎಂದಳು ಮುದುಕಿ. "ಮಾವ ಸತ್ತ ವರ್ಷವೇ ನಮ್ಮ ಬಿಳಿ ಎತ್ತೂ ಸತ್ತೋಯ್ತು. ಒಂದು ಅದರದ್ದು, ಒಂದು ಮಾವಂದು. ಯಾವುದು ಯಾವುದೋ ನಂಗೆ ಗ್ಯಾಪಕ ಇಲ್ಲ."

ಅತ್ತೆ ಕೈ ಸಡಿಲಿಸಿದಳು. "ದೊಡ್ಡ ಕಲ್ಲು ಮನುಷ್ಯಂದೇ ಇರ್ಬೇಕಲ್ವಾ?"

"ಏನೋಮ್ಮಾ. ಕಲ್ಲು ನೆಡಿಸಿದ್ದು ನಮ್ಮ ತಾತ, ಲೆಕ್ಕದ ಮನುಷ್ಯ. ಎತ್ತು ಚೆನ್ನಾಗಿ ಗೇಯ್ತಿತ್ತು."

ನಾನು ಸಣ್ಣ ಕಲ್ಲಿನ ಕಡೆ ನೋಡಿದೆ. ಅದು ಹೊಂಗೆಯ ದಟ್ಟ ನೆರಳಿನಲ್ಲಿ ಒಂದು ಪಕ್ಕಕ್ಕೆ ಒರಗಿ ಹಾಯಾಗಿತ್ತು. ನನಗೆ ಅನುಮಾನವೇ ಉಳಿಯಲಿಲ್ಲ. ಆದರೆ ಅದನ್ನು ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ.

"ಎರಡಕ್ಕೂ ಪೂಜೆ ಮಾಡ್ಬಿಡೋಣ ಅತ್ತೆ," ಎಂದಳು ನನ್ನ ಹೆಂಡತಿ. "ಇಷ್ಟು ವರ್ಷ ಜೊತೆಗಿದ್ದಾರೆ, ಒಬ್ಬರಿಗಿಟ್ಟು ಒಬ್ಬರಿಗೆ ಬಿಟ್ಟರೆ ಚೆನ್ನಾಗಿರಲ್ಲ."

ಅತ್ತೆ ಎರಡೂ ಕಲ್ಲುಗಳನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ತಂದಿದ್ದ ವಡೆಗಳನ್ನು ಸಮನಾಗಿ ಹಂಚಿದಳು. ಮುದುಕಿ ತಾನೂ ಒಂದು ವಡೆ ತೆಗೆದುಕೊಂಡು, ಹಲ್ಲಿಲ್ಲದ ಬಾಯಲ್ಲಿ ಚೀಪುತ್ತಾ, ಉಪ್ಪು ಒಂಚೂರು ಕಮ್ಮಿ ಎಂದಳು.

ಊರಿಗೆ ಮರಳಿದ ಕೆಲವು ದಿನಗಳಲ್ಲಿ ಅಜ್ಜ ಅತ್ತೆಯ ಕನಸಿಗೆ ಬಂದನಂತೆ. "ಏನಂದ?" ಎಂದು ಕೇಳಿದೆ.

"ಏನೂ ಅನ್ಲಿಲ್ಲ ಕಣೋ. ಸುಮ್ನೆ ಮಲಗಿ ಏನೋ ಮೆಲುಕು ಹಾಕ್ತಿದ್ದ."

ಹಪ್ಪಳವಿರಬಹುದು ಎಂದು ನಾವಿಬ್ಬರೂ ಸಮಾಧಾನ ಹೇಳಿದೆವು. ಅತ್ತೆ ನಂಬಿದಳೋ ಇಲ್ಲವೋ. ಮರುವರ್ಷ ತಾಯಲೂರಿಗೆ ಹೊರಟಾಗ ವಡೆಯ ಬುತ್ತಿಯ ಜೊತೆಗೆ ಒಂದು ಹೊರೆ ಹಸಿಹುಲ್ಲನ್ನೂ ನನ್ನ ತಲೆಗೇರಿಸಿದಳು.